ಬೀಬಿ ಟಿಟಿ ಮೊಹಮ್ಮದ್: ಕೆಲವೇ ತಿಂಗಳಲ್ಲಿ 5000 ಹೆಂಗಸರು ಟಾನು ಸೇರಿದ್ದು ಹೇಗೆ?

ಹಳೇಪುಟ

ಆಫ್ರಿಕಾದ ಸ್ವಾತಂತ್ರ್ಯ ಹೋರಾಟದ ಹೆಂಗಸರ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಪುಸ್ತಿಕೆ ತಯಾರಾಗುತ್ತಿದೆ. ಟಾಂಗನೀಕಾ, ಅಂದರೆ ಇವತ್ತಿನ ಟಾಂಜಾನಿಯಾದ ಮುಖ್ಯ ಭೂಭಾಗದ ಅಧ್ಯಾಯಕ್ಕೆ, ಅಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಟಾನು ಪಕ್ಷದ ಮಹಿಳಾ ವಿಭಾಗದ ಮುಂದಾಳು ಬೀಬಿ ಟಿಟಿ ಮೊಹಮ್ಮದ್ ಅವರನ್ನು ಆರಿಸಿಕೊಂಡಿದ್ದೇವೆ. ಪರಿಚಯ ಲೇಖನಗಳಲ್ಲಿ ಸಾಮಾನ್ಯವಾಗಿ ಬರುವ ಸಾಲು ಇದು: "ನ್ಯೆರೆರೆಯವರ ಕರೆಗೆ ಓಗೊಟ್ಟು ಸಾವಿರಾರು ಮಹಿಳೆಯರು ಬೀದಿಗಿಳಿದರು." (ನ್ಯೆರೆರೆ ಟಾನುವಿನ ನಾಯಕ, ಮುಂದೆ ದೇಶದ ಮೊದಲ ಅಧ್ಯಕ್ಷ.) ಓದಲು ಚೆಂದ, ಆದರೆ ಇದರಿಂದ ಏನೂ ತಿಳಿಯುವುದಿಲ್ಲ. ಪತ್ರಿಕೆ ಓದಲು ಬರದ, ಮತದ ಹಕ್ಕಿಲ್ಲದ ಹೆಂಗಸರ ಬಳಿಗೆ ಕರೆ ಹೋದದ್ದು ಯಾವ ದಾರಿಯಲ್ಲಿ? ಪಕ್ಷದ ಸದಸ್ಯತ್ವದ ಕಾರ್ಡು ಮಾರಿದವರು ಯಾರು? 5000 ಅನ್ನುವ ಅಂಕಿ ನಂಬುವಂಥದ್ದೇ? ಆಮೇಲೆ ಇದೇ ಹೆಂಗಸು ರಾಜದ್ರೋಹದ ಕಟಕಟೆಯಲ್ಲಿ ನಿಂತದ್ದು ಹೇಗೆ? ಬಲ್ಲವರು ಬಿಡಿಸಿ ಹೇಳಿ.

ಕಡಲದಾರಿ

ಒಳ್ಳೆಯ ಪ್ರಶ್ನೆ. "ಕರೆಗೆ ಓಗೊಟ್ಟು" ಅನ್ನುವ ಸಾಲನ್ನು ಮೊದಲು ಹೊಡೆದುಹಾಕಿ. ಆದದ್ದು ಬಹುಮಟ್ಟಿಗೆ ಅದರ ತಿರುವುಮುರುವು: ಹೆಂಗಸರ ಸಂಘಟನೆ ಮೊದಲೇ ಇತ್ತು, ಪಕ್ಷ ಅದರ ಬಾಗಿಲಿಗೆ ಹೋಯಿತು.

ಕ್ರಮವಾಗಿ ನೋಡೋಣ. ಟಾಂಗನೀಕಾ ಆಫ್ರಿಕನ್ ನ್ಯಾಷನಲ್ ಯೂನಿಯನ್, ಚಿಕ್ಕದಾಗಿ ಟಾನು, ಹುಟ್ಟಿದ್ದು 1954ರ ಜುಲೈ 7ರಂದು. 1929ರ ಆಫ್ರಿಕನ್ ಅಸೋಸಿಯೇಷನ್ನೇ ಹೊಸ ರೂಪ ಪಡೆಯಿತು. ಸ್ಥಾಪಕರು 17 ಜನ, ಎಲ್ಲರೂ ಗಂಡಸರು. ಟಿಟಿ ಆಗಿನ ರಾಜಧಾನಿ ದಾರ್ ಎಸ್ ಸಲಾಮಿನಲ್ಲಿದ್ದರು, ಚಿಕ್ಕದಾಗಿ ದಾರ್. 1926ರಲ್ಲಿ ಅದೇ ಊರಿನ ಮುಸ್ಲಿಂ ಮನೆತನದಲ್ಲಿ ಹುಟ್ಟಿದವರು, ಓದು ನಾಲ್ಕು ತರಗತಿ. ಆದರೆ "ಬೊಂಬಾ" ಎಂಬ ಹೆಂಗಸರ ಎನ್‌ಗೋಮಾ, ಅಂದರೆ ಹಾಡು ಕುಣಿತದ, ತಂಡದ ಮುಖ್ಯ ಹಾಡುಗಾರ್ತಿಯೆಂದು ಊರೆಲ್ಲ ಬಲ್ಲ ಹೆಸರು. ಗಂಡನಿಗೆ ಪರಿಚಯವಿದ್ದ ಷೆನೆಡಾ ಪ್ಲಾಂಟನ್ ಎಂಬ ಪಕ್ಷದ ಹಿರಿಯರ ಮೂಲಕ ಮನೆಗೆ ಸುದ್ದಿ ಬಂತು. ಗಂಡನ ಸದಸ್ಯತ್ವ ಸಂಖ್ಯೆ 15, ಟಿಟಿಯವರದು 16.

1955ರಲ್ಲಿ ಬ್ರಿಟನ್ನಿನ ಲೇಬರ್ ಪಕ್ಷದ ಜಾನ್ ಹ್ಯಾಚ್ ದಾರ್‌ಗೆ ಬಂದು, ನಿಮ್ಮ ಮಹಿಳಾ ವಿಭಾಗ ಎಲ್ಲಿ ಎಂದು ಕೇಳಿದರು. ಮುಖಂಡರ ಬಳಿ ಉತ್ತರವಿರಲಿಲ್ಲ. ತಮ್ಮ ಮನೆಯ ಹೆಂಗಸರನ್ನು ಸಭೆಗೆ ಕರೆತಂದು ತೋರಿಸಲು ಹೆಚ್ಚಿನವರು ಸಿದ್ಧರಿರಲಿಲ್ಲ. ಆಗ ಟಿಟಿಯವರಿಗೆ ಹೇಳಿಕಳಿಸಿದರು. ಹೀಗೆ ಮಹಿಳಾ ವಿಭಾಗ ಶುರುವಾಯಿತು. ಟಿಟಿ ಅಧ್ಯಕ್ಷೆ, ಜೊತೆಗೆ ತಾತು ಬಿಂತಿ ಮ್‌ಜೀ.

ಇನ್ನು ಕೆಲಸ ನಡೆದ ಬಗೆ. ಟಿಟಿ ಮನೆಮನೆ ಸುತ್ತುವುದರಿಂದ ಶುರು ಮಾಡಲಿಲ್ಲ. ಎನ್‌ಗೋಮಾ ತಂಡಗಳ ಮುಖ್ಯಸ್ಥೆಯರನ್ನು ಹುಡುಕಿಕೊಂಡು ಹೋದರು. ಎನ್‌ಗೋಮಾ ಅಂದರೆ ಸ್ವಾಹಿಲಿಯಲ್ಲಿ ಡೋಲೂ ಹೌದು, ಡೋಲಿನ ಜೊತೆಯ ಹಾಡು ಕುಣಿತವೂ ಹೌದು. ಕರಾವಳಿ ಪಟ್ಟಣಗಳಲ್ಲಿ ಹೆಂಗಸರ ಲೆಲೆಮಾಮಾ ಎಂಬ ಎನ್‌ಗೋಮಾ ತಂಡಗಳು ಬರೀ ಕುಣಿತದ ಕೂಟಗಳಾಗಿರಲಿಲ್ಲ. ಅವಕ್ಕೆ ಅಧ್ಯಕ್ಷೆ ಇರುತ್ತಿದ್ದಳು, ದುಡ್ಡು ಇಟ್ಟುಕೊಳ್ಳುವವಳು ಇರುತ್ತಿದ್ದಳು, ಸುದ್ದಿ ಮುಟ್ಟಿಸುವವರು ಇರುತ್ತಿದ್ದರು. ಮದುವೆ, ಸಾವು, ಬಾಣಂತನಕ್ಕೆ ಒಬ್ಬರಿಗೊಬ್ಬರು ನೆರವಾಗುತ್ತಿದ್ದರು. ಎದುರಾಳಿ ತಂಡವನ್ನು ಹಾಡಿನಲ್ಲಿ ಹಂಗಿಸಿ ಗೆಲ್ಲುವುದು ಅವರ ಕಲೆ. ಅಂದರೆ ಹತ್ತು ಜನರ ಮುಂದೆ ಎದ್ದುನಿಂತು ಗಟ್ಟಿಯಾಗಿ ಮಾತಾಡುವ ರೂಢಿ ಇದ್ದ ಹೆಂಗಸರು ಇವರು. ಒಬ್ಬ ಮುಖ್ಯಸ್ಥೆ ಒಪ್ಪಿದರೆ ಇಡೀ ತಂಡ ಒಪ್ಪಿದ ಹಾಗೆ. ಟಿಟಿ ಆ ಲೋಕದವರೇ ಆದ್ದರಿಂದ ಯಾರ ಮಾತು ಎಲ್ಲಿ ನಡೆಯುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು.

ನಮ್ಮಲ್ಲಿ ಚೀಟಿ ಹಾಕುವಂತೆ ಅಲ್ಲಿ "ಉಪಾತು" ಇದೆ. ಎಲ್ಲರೂ ಕಂತು ಕಟ್ಟುವುದು, ಸರದಿಯಂತೆ ಒಬ್ಬೊಬ್ಬರು ಒಟ್ಟು ಹಣ ಎತ್ತುವುದು. ಕಂತು ಕೂಡಿಸುವುದು, ಬಾಕಿ ನೆನಪಿಡುವುದು, ತಪ್ಪಿದವರನ್ನು ಒತ್ತಾಯಿಸುವುದು, ಇದೆಲ್ಲ ಓದುಬರಹ ಇಲ್ಲದೆಯೂ ನಡೆಯುವ ಲೆಕ್ಕಾಚಾರ. ಪಕ್ಷದ ಚಂದಾ ವಸೂಲಿಗೆ ಬೇಕಾದ ಕೌಶಲ ಇದೇ ತಾನೆ? ಅದನ್ನು ಈ ಹೆಂಗಸರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮಸಿಕುಡಿಕೆ

ಕಡಲದಾರಿಯವರ ಮಾತಿಗೆ ಅಂಕಿಯ ವಿಷಯ ಸೇರಿಸುತ್ತೇನೆ.

5000 ಎಂಬುದು ಬಂದಿರುವುದು 1955ರ ಅಕ್ಟೋಬರ್‌ನಲ್ಲಿ ಪಕ್ಷದ ಸಂಘಟನಾ ಕಾರ್ಯದರ್ಶಿ ಆಸ್ಕರ್ ಕಂಬೋನಾ ಲಂಡನ್ನಿನ ಫೇಬಿಯನ್ ಕಲೋನಿಯಲ್ ಬ್ಯೂರೋಗೆ ಬರೆದ ಪತ್ರದಿಂದ. ಹೊರದೇಶದ ಬೆಂಬಲಿಗರಿಗೆ ಬರೆದ ಪತ್ರ ಅದು. ಸಂಖ್ಯೆಯನ್ನು ಸ್ವಲ್ಪ ಮೇಲಕ್ಕೆ ಎತ್ತುವ ಆಸೆ ಅಲ್ಲಿ ಇದ್ದೇ ಇರುತ್ತದೆ. ಆದ್ದರಿಂದ "5000 ಹೆಂಗಸರು ಸೇರಿದರು" ಎಂದು ಬರೆಯದೆ "5000 ಹೆಂಗಸರು ಸೇರಿದ್ದಾರೆಂದು ಅಕ್ಟೋಬರ್‌ನಲ್ಲಿ ಪಕ್ಷ ಹೇಳಿತು" ಎಂದು ಬರೆಯಿರಿ. ಅದೇ ಪತ್ರದಲ್ಲಿ ಟಿಟಿಯವರಿಗೆ ಓದುಬರಹ ಅಷ್ಟಕ್ಕಷ್ಟೇ ಎಂಬ ಮಾತೂ ಬರುತ್ತದೆ. ಅದನ್ನು ಬಿಡಬೇಡಿ. ಓದಿದ ಗಂಡಸರ ಕಣ್ಣಿಗೆ ಈ ಯಶಸ್ಸು ಒಂದು ಸೋಜಿಗವಾಗಿ ಕಂಡಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ಹಾಗೆಂದು ಅಂಕಿ ಅಸಾಧ್ಯವೇನಲ್ಲ. 1957ರ ಜನಗಣತಿಯಲ್ಲಿ ದಾರ್ ಎಸ್ ಸಲಾಮಿನ ಒಟ್ಟು ಜನಸಂಖ್ಯೆ ಸುಮಾರು 1,29,000. ಇದರಲ್ಲಿ ಏಷ್ಯನ್ನರನ್ನು, ಯುರೋಪಿಯನ್ನರನ್ನು, ಗಂಡಸರನ್ನು, ಮಕ್ಕಳನ್ನು ಕಳೆಯಿರಿ. ಉಳಿದ ಆಫ್ರಿಕನ್ ಹೆಂಗಸರಲ್ಲಿ 5000 ಎಂದರೆ ಕರಿಯಾಕೂ, ಇಲಾಲಾ ಬಡಾವಣೆಗಳಲ್ಲಿ ಕಾರ್ಡಿಲ್ಲದ ಕೇರಿಯೇ ಇರಲಿಲ್ಲ ಎಂದಾಯಿತು. ಅರ್ಧಕ್ಕೆ ಇಳಿಸಿಕೊಂಡರೂ ದೊಡ್ಡ ಸಂಖ್ಯೆಯೇ.

ಇನ್ನೊಂದು ಕಾರಣವನ್ನು ಯಾರೂ ಹೇಳಿಲ್ಲ. ಸರ್ಕಾರಿ ನೌಕರರು ರಾಜಕೀಯ ಪಕ್ಷ ಸೇರುವ ಹಾಗಿರಲಿಲ್ಲ. ಓದಿದ ಆಫ್ರಿಕನ್ ಗಂಡಸರಲ್ಲಿ ಹೆಚ್ಚಿನವರು ಗುಮಾಸ್ತರು, ಮೇಷ್ಟ್ರುಗಳು, ಆಸ್ಪತ್ರೆ ಸಹಾಯಕರು. ಕಾರ್ಡು ತೆಗೆದುಕೊಂಡರೆ ಕೆಲಸ ಹೋಗುತ್ತಿತ್ತು. ನ್ಯೆರೆರೆಯವರೇ 1955ರಲ್ಲಿ ಪುಗು ಶಾಲೆಯ ಮೇಷ್ಟ್ರ ಕೆಲಸ ಬಿಡಬೇಕಾಯಿತು. ಹೆಂಗಸರಲ್ಲಿ ಹೆಚ್ಚಿನವರು ಯಾರ ಸಂಬಳವನ್ನೂ ಉಣ್ಣುತ್ತಿರಲಿಲ್ಲ. ಪೊಂಬೆ, ಅಂದರೆ ನಾಡ ಬಿಯರು ಕಾಯಿಸಿ ಮಾರುವುದು, ಅಕ್ಕಿಹಿಟ್ಟಿನ ವಿಟುಂಬುವಾ ಸುಟ್ಟು ಮಾರುವುದು, ಕೋಣೆ ಬಾಡಿಗೆ ಕೊಡುವುದು ಅವರ ಜೀವನೋಪಾಯ. ಅವರನ್ನು ಕೆಲಸದಿಂದ ತೆಗೆದುಹಾಕುತ್ತೇವೆ ಎಂದು ಹೆದರಿಸುವುದು ಸಾಧ್ಯವೇ ಇರಲಿಲ್ಲ. ವಸಾಹತು ಆಡಳಿತ ಗಂಡಸರಿಗೆ ಹಾಕಿದ್ದ ಬೇಲಿ ಇವರ ಸುತ್ತ ಇರಲಿಲ್ಲ.

ಈ ಬಾಡಿಗೆ ಕೋಣೆಯ ವಿಷಯವನ್ನು ಗುರುತು ಹಾಕಿಕೊಳ್ಳಿ, 1967ಕ್ಕೆ ಬಂದಾಗ ಬೇಕಾಗುತ್ತದೆ.

ಹಳೇಪುಟ

ಇಬ್ಬರಿಗೂ ವಂದನೆ. ನೌಕರರ ನಿಷೇಧದ ಕೋನ ನಮ್ಮ ಕರಡಿನಲ್ಲಿ ಇರಲೇ ಇಲ್ಲ. ಒಂದು ಸಂಶಯ: ಸರ್ಕಾರದ ಕಡೆಯಿಂದಲೂ ಹೆಂಗಸರ ಸಂಘಗಳು ಇದ್ದವಲ್ಲ? ಅವಕ್ಕೂ ಇದಕ್ಕೂ ಸಂಬಂಧ ಇತ್ತೇ?

ಕಡಲದಾರಿ

ಇದ್ದವು. ಬ್ರಿಟಿಷ್ ಗವರ್ನರ್ ಟ್ವೈನಿಂಗ್ ಅವರ ಪತ್ನಿಯ ಮುಂದಾಳುತನದಲ್ಲಿ 1951ರಲ್ಲಿ ಟಾಂಗನೀಕಾ ಕೌನ್ಸಿಲ್ ಆಫ್ ವಿಮೆನ್ ಶುರುವಾಗಿತ್ತು. ಹೊಲಿಗೆ, ಅಡುಗೆ, ಮಕ್ಕಳ ಆರೈಕೆ ಕಲಿಸುವ ಕ್ಲಬ್ಬುಗಳು. ಹೆಚ್ಚಾಗಿ ಅಲ್ಲಿಗೆ ಹೋಗುತ್ತಿದ್ದವರು ಓದಿದ ಗಂಡಸರ ಹೆಂಡತಿಯರು. ಟಿಟಿಯವರ ಜೊತೆ ಬಂದವರು ಬಹುಪಾಲು ನಡುವಯಸ್ಸಿನ, ಹಲವರು ಗಂಡನಿಂದ ಬೇರೆಯಾದ, ಸ್ವಂತ ದುಡಿಮೆಯ ಮುಸ್ಲಿಂ ಹೆಂಗಸರು. ಎರಡು ಲೋಕಗಳ ನಡುವೆ ಹೋಗಿಬರುವುದು ಕಡಿಮೆಯೇ ಇತ್ತು.

ನೂಲುಬಟ್ಟೆ

ಪುಸ್ತಿಕೆಗೆ ಚಿತ್ರ ಬರೆಸುವುದಿದ್ದರೆ ಬಟ್ಟೆಯ ವಿಷಯದಲ್ಲಿ ಎಚ್ಚರ ಇರಲಿ, ಇಲ್ಲಿ ತುಂಬ ಜನ ತಪ್ಪುತ್ತಾರೆ. ಟಿಟಿ ಮತ್ತು ಸಂಗಡಿಗರಿಗೆ ಪಶ್ಚಿಮ ಆಫ್ರಿಕಾದ ದೊಡ್ಡ ತಲೆಸುತ್ತು ಹಾಕಿ ಬರೆದುಬಿಡುತ್ತಾರೆ. ಇಲ್ಲಿಯದು ಖಾಂಗಾ.

ಖಾಂಗಾ ಅಚ್ಚುಹಾಕಿದ ತೆಳು ಹತ್ತಿ ಬಟ್ಟೆ. ಒಂದು ತುಂಡು ಸುಮಾರು 150 ಸೆಂಟಿಮೀಟರ್ ಉದ್ದ, 110 ಸೆಂಟಿಮೀಟರ್ ಅಗಲ. ಅಂಗಡಿಯಲ್ಲಿ ಸಿಗುವುದು ಕತ್ತರಿಸದ ಜೋಡಿ, ಅದಕ್ಕೆ ಡೋಟಿ ಅನ್ನುತ್ತಾರೆ. ಕೊಂಡವರು ನಡುವೆ ಕತ್ತರಿಸಿ, ಅಂಚು ಮಡಿಸಿ ಹೊಲಿದುಕೊಳ್ಳಬೇಕು. ಒಂದನ್ನು ಸೊಂಟಕ್ಕೋ ಎದೆಮಟ್ಟಕ್ಕೋ ಸುತ್ತುತ್ತಾರೆ, ಇನ್ನೊಂದನ್ನು ತಲೆ ಮತ್ತು ಹೆಗಲ ಮೇಲೆ ಹೊದೆಯುತ್ತಾರೆ. ಬಟ್ಟೆಯಲ್ಲಿ ಮೂರು ಭಾಗ. ಸುತ್ತಲಿನ ಅಗಲ ಅಂಚು "ಪಿಂಡೊ". ನಡುವಿನ ಭಾಗ "ಮ್‌ಜಿ", ಅದೇ ಶಬ್ದಕ್ಕೆ ಊರು ಅನ್ನುವ ಅರ್ಥವೂ ಇದೆ. ಕೆಳಭಾಗದಲ್ಲಿ ಒಂದು ಸಾಲು ಬರಹ "ಜೀನಾ", ಎಂದರೆ ಹೆಸರು. ಆ ಸಾಲು ಗಾದೆ, ಒಗಟು, ಪಕ್ಕದ ಮನೆಯವಳಿಗೆ ಚುಚ್ಚುಮಾತು, ಏನೂ ಆಗಿರಬಹುದು. ಬಾಯಲ್ಲಿ ಹೇಳಲಾಗದ್ದನ್ನು ಹೆಂಗಸರು ಮೈಮೇಲೆ ಹೊದ್ದು ಹೇಳುತ್ತಾರೆ. ಸ್ವಾತಂತ್ರ್ಯದ ಹೊತ್ತಿಗೆ ಆ ಸಾಲಿನಲ್ಲಿ ಉಹುರು, ಅಂದರೆ ಬಿಡುಗಡೆ, ಬಂದು ಕೂತಿತು.

ಲೆಲೆಮಾಮಾ ತಂಡಗಳಲ್ಲಿ ಎಲ್ಲರೂ ಒಂದೇ ಬಗೆಯ ಉಡುಪು ತೊಡುವ ಪದ್ಧತಿ. ಅದಕ್ಕೆ "ಸಾರೆ" ಅನ್ನುತ್ತಾರೆ. ನಮ್ಮ ಸೀರೆಯ ಜೊತೆ ಗೊಂದಲ ಮಾಡಿಕೊಳ್ಳಬೇಡಿ, ಅದರರ್ಥ ಒಂದೇ ಸಮ ಅಂತ. ತಂಡಕ್ಕಾಗಿ ಸಮವಸ್ತ್ರ ಕೊಳ್ಳುವ ಅಭ್ಯಾಸ ಇದ್ದುದರಿಂದ ಪಕ್ಷದ ಬಣ್ಣಕ್ಕೆ ಬದಲಾಗುವುದು ಕಷ್ಟವಾಗಲಿಲ್ಲ. ಟಾನು ಬಾವುಟ ಅಡ್ಡಪಟ್ಟಿ: ಹಸಿರು, ಕಪ್ಪು, ಹಸಿರು. ಆದ್ದರಿಂದ 1955ರಿಂದ 1961ರ ನಡುವಿನ ಸಭೆಯ ಚಿತ್ರದಲ್ಲಿ ಹೆಂಗಸರಿಗೆ ಹಸಿರು ಕಪ್ಪು ಹಾಕಿಸಿ. ನಡುವೆ ಹಳದಿ ಗೆರೆ ಸೇರಿದ್ದು ದೇಶದ ಬಾವುಟದಲ್ಲಿ. ಅದನ್ನು ಹಿಂದಕ್ಕೆ ತಂದರೆ ಕಾಲದೋಷ.

ಹಿನ್ನೆಲೆಗೆ ಮ್‌ನಾಜಿ ಮ್ಮೋಜಾ ಮೈದಾನ ಸರಿ. ಹೆಸರಿನ ಅರ್ಥ ಒಂಟಿ ತೆಂಗಿನಮರ. ಟಾನು ಕಚೇರಿ ಇದ್ದ ನ್ಯೂ ಸ್ಟ್ರೀಟಿಗೆ ಈಗ ಲುಮುಂಬಾ ಬೀದಿ ಎಂದು ಹೆಸರು. 1955ರ ಚಿತ್ರದಲ್ಲಿ ಆ ಫಲಕ ಬರಬಾರದು.

ಅಕ್ಷರಬಳ್ಳಿ

ಹೆಸರುಗಳ ಬಗ್ಗೆ ಎರಡು ಮಾತು. "ಬೀಬಿ" ಟಿಟಿಯವರ ಹೆಸರಿನ ಭಾಗವಲ್ಲ, ಗೌರವದ ಕರೆ. ಸ್ವಾಹಿಲಿಯಲ್ಲಿ ಅಜ್ಜಿಗೂ ಹಿರಿಯ ಹೆಂಗಸಿಗೂ ಬೀಬಿ ಅನ್ನುತ್ತಾರೆ. ಆದ್ದರಿಂದ ಪುಸ್ತಿಕೆಯಲ್ಲಿ ಪದೇ ಪದೇ ಹೇಳುವಾಗ "ಬೀಬಿ" ಎಂದಷ್ಟೇ ಬರೆಯಬೇಡಿ, "ಟಿಟಿ" ಅಥವಾ "ಬೀಬಿ ಟಿಟಿ" ಬರೆಯಿರಿ. ಮೊಹಮ್ಮದ್ ತಂದೆಯ ಹೆಸರು. ಅದನ್ನು ಮನೆತನದ ಹೆಸರಿನಂತೆ ಅಕಾರಾದಿಯಲ್ಲಿ "ಮ" ಕೆಳಗೆ ಹಾಕಿದರೆ ಓದುಗರು ಹುಡುಕಲಾರರು.

ಸ್ವಾಹಿಲಿ ಶಬ್ದಗಳನ್ನು ಹಾಗೇ ಉಳಿಸಿಕೊಂಡರೆ ಕನ್ನಡ ಓದುಗರಿಗೆ ಒಂದು ಲಾಭ ಇದೆ. ಸರ್ಕಾರಕ್ಕೆ ಅಲ್ಲಿ "ಸೆರಿಕಾಲಿ" ಅನ್ನುತ್ತಾರೆ, ಪಾರಸಿಯ ಅದೇ "ಸರ್ಕಾರ್" ಎರಡೂ ಕಡೆ ಬಂದಿದೆ. ಇನ್ನೂ ಚೆಂದದ್ದು "ರಾಯಿಯಾ". ಅರಬ್ಬಿಯ ರಈಯತ್ ಎಂಬ ಶಬ್ದ, ಒಡೆಯನ ಕೈಕೆಳಗಿನ ಪ್ರಜೆ ಎಂದರ್ಥ. ನಮ್ಮಲ್ಲಿ ಅದು ಕಂದಾಯದ ಕಡತಗಳ ದಾರಿಯಾಗಿ ಬಂದು "ರೈತ" ಆಯಿತು. ಸ್ವಾಹಿಲಿಯಲ್ಲಿ ಅದೇ ಶಬ್ದಕ್ಕೆ ಈಗ "ನಾಗರಿಕ" ಎಂಬ ಅರ್ಥ. ದೊರೆಯ ಆಳು ಎಂಬ ಶಬ್ದವೇ ಮತಚೀಟಿ ಹಿಡಿದ ನಾಗರಿಕಳಿಗೆ ಹೆಸರಾದದ್ದು ಈ ಹೋರಾಟದ ಕಾಲದಲ್ಲಿ ಬದುಕಿದ್ದವರ ಕಣ್ಣೆದುರಿಗೇ.

ಭಾಷೆ ಇಲ್ಲಿ ಬರೀ ಅಲಂಕಾರವಲ್ಲ. ಟಾಂಗನೀಕಾದಲ್ಲಿ 120ಕ್ಕೂ ಹೆಚ್ಚು ಜನಾಂಗಗಳು. ಟಿಟಿ ಕರಾವಳಿಯಿಂದ ಒಳನಾಡಿಗೆ ಹೋಗಿ ಮಾತಾಡಿದ್ದು ಸ್ವಾಹಿಲಿಯಲ್ಲಿ, ದುಭಾಷಿಯ ಹಂಗಿಲ್ಲದೆ. ಇಂಗ್ಲಿಷ್ ಬಾರದಿರುವುದು ಶಾಸನಸಭೆಯಲ್ಲಿ ಕೊರತೆಯಾಗಿರಬಹುದು, ಮೈದಾನದಲ್ಲಿ ಅದು ಕೊರತೆಯೇ ಅಲ್ಲ.

ಮತಪೆಟ್ಟಿಗೆ

ಮಹಿಳೆಯರು ಇಷ್ಟೊಂದು ಸೇರಿದ್ದರೂ ಮೊದಲ ಚುನಾವಣೆಯಲ್ಲಿ ಆಫ್ರಿಕನ್ ಹೆಂಗಸರು ಯಾಕೆ ಕಾಣುವುದಿಲ್ಲ? ನಿಯಮಗಳನ್ನು ನೋಡಿದರೆ ಗೊತ್ತಾಗುತ್ತದೆ.

ಶಾಸನಸಭೆಗೆ ಮೊದಲ ಚುನಾವಣೆ ಎರಡು ಕಂತಿನಲ್ಲಿ ನಡೆಯಿತು: 1958ರ ಸೆಪ್ಟೆಂಬರ್ ಮತ್ತು 1959ರ ಫೆಬ್ರುವರಿ. ಮತ ಹಾಕಬೇಕಾದರೆ ವರ್ಷಕ್ಕೆ 150 ಪೌಂಡ್ ಆದಾಯ ಇರಬೇಕು, ಇಲ್ಲವೇ ಎಂಟನೇ ತರಗತಿ ಓದಿರಬೇಕು, ಇಲ್ಲವೇ ನಿಗದಿಪಡಿಸಿದ ಹುದ್ದೆಯಲ್ಲಿರಬೇಕು. ನಾಲ್ಕನೇ ತರಗತಿ ಓದಿದ, ವಿಟುಂಬುವಾ ಮಾರುವ ಹೆಂಗಸಿಗೆ ಮೂರರಲ್ಲಿ ಯಾವುದೂ ಇಲ್ಲ. ಪಕ್ಷವನ್ನು ಬೀದಿಯಲ್ಲಿ ಕಟ್ಟಿದವರೇ ಮತಪಟ್ಟಿಯಿಂದ ಹೊರಗೆ ಉಳಿದರು.

ಇನ್ನೊಂದು ತೊಡಕು ಮೂರು ಮತದ ಪದ್ಧತಿ. ಪ್ರತಿ ಕ್ಷೇತ್ರಕ್ಕೆ ಮೂವರು ಸದಸ್ಯರು: ಒಬ್ಬ ಆಫ್ರಿಕನ್, ಒಬ್ಬ ಏಷ್ಯನ್, ಒಬ್ಬ ಯುರೋಪಿಯನ್. ಮತದಾರ ಮೂವರಿಗೂ ಮತ ಹಾಕಲೇಬೇಕು. ಒಬ್ಬರಿಗೆ ಹಾಕಿ ಉಳಿದದ್ದು ಬಿಟ್ಟರೆ ಮತಪತ್ರ ರದ್ದು. ಬಹಿಷ್ಕರಿಸಬೇಕೇ ಬೇಡವೇ ಎಂದು 1958ರ ಜನವರಿಯಲ್ಲಿ ಟಬೋರಾದ ಸಮ್ಮೇಳನದಲ್ಲಿ ಬಿಸಿಬಿಸಿ ಚರ್ಚೆ ನಡೆದು, ಕೊನೆಗೆ ಭಾಗವಹಿಸುವುದೆಂದು ತೀರ್ಮಾನವಾಯಿತು. ಏಷ್ಯನ್ ಮತ್ತು ಯುರೋಪಿಯನ್ ಸ್ಥಾನಗಳಿಗೂ ತನಗೆ ಒಪ್ಪಿಗೆಯಾದವರನ್ನು ಟಾನು ಬೆಂಬಲಿಸಿತು.

ಫಲಿತಾಂಶ ನೋಡಿ. ಟಾನು ಬೆಂಬಲದಿಂದ ಆಗ ಗೆದ್ದು ಸಭೆಗೆ ಹೋದ ಹೆಂಗಸರಲ್ಲಿ ಸೋಫಿಯಾ ಮುಸ್ತಫಾ ಮತ್ತು ಲೇಡಿ ಚೆಷಮ್ ಇದ್ದರು. ಮುಸ್ತಫಾ 1922ರಲ್ಲಿ ಭಾರತದಲ್ಲಿ ಹುಟ್ಟಿ ಕೀನ್ಯಾದಲ್ಲಿ ಬೆಳೆದವರು, ಉತ್ತರ ಪ್ರಾಂತದ ಏಷ್ಯನ್ ಸ್ಥಾನದಿಂದ ಗೆದ್ದರು. ಚೆಷಮ್ ಅಮೆರಿಕದಲ್ಲಿ ಹುಟ್ಟಿದವರು, ಯುರೋಪಿಯನ್ ಸ್ಥಾನದಿಂದ ಬಂದರು. ಇಬ್ಬರೂ ದೇಶದ ಪರವಾಗಿ ದುಡಿದವರೇ, ಅದರಲ್ಲಿ ಅನುಮಾನ ಬೇಡ. ಆದರೆ "ಟಾಂಗನೀಕಾದ ಮೊದಲ ಮಹಿಳಾ ಶಾಸಕರು" ಎಂಬ ಪಟ್ಟಿ ಕೊಡುವಾಗ ಈ ನಿಯಮ ಹೇಳದಿದ್ದರೆ ಆಫ್ರಿಕನ್ ಹೆಂಗಸರು ಹಿಂದುಳಿದಿದ್ದರು ಎಂಬ ತಪ್ಪು ಚಿತ್ರ ಬರುತ್ತದೆ. 1960ರಲ್ಲಿ ಅರ್ಹತೆ ಸಡಿಲವಾಯಿತು. ಆ ವರ್ಷ 71 ಸ್ಥಾನಗಳಲ್ಲಿ 70 ಟಾನು ಪಾಲಾಯಿತು. ಕಿಲಿಮಂಜಾರೊ ಕಡೆಯ, ನರ್ಸ್ ತರಬೇತಿ ಪಡೆದಿದ್ದ ಲೂಸಿ ಲಮೆಕ್ ಸಭೆಗೆ ಬಂದದ್ದೂ ಆ ವರ್ಷವೇ.

ಪಕ್ಷದ ಕೆಲಸ ಎಲ್ಲಿ ಕೆಡುತ್ತಿತ್ತು ಅನ್ನುವುದೂ ಬರಲಿ. ಸಂಘಗಳ ಕಾನೂನಿನ ಪ್ರಕಾರ ಪ್ರತಿ ಶಾಖೆಯೂ ಬೇರೆಯಾಗಿ ನೋಂದಣಿ ಆಗಬೇಕಿತ್ತು. ನೋಂದಣಿ ಸಿಗದಿದ್ದರೆ ಸಭೆ ಇಲ್ಲ, ಚಂದಾ ಇಲ್ಲ. ಸುಕುಮಾ ನಾಡಿನಲ್ಲಿ 1954ರಿಂದ 1958ರವರೆಗೆ ಟಾನುಗೆ ನಿಷೇಧ. ಇಂಥ ಕಡೆ ಕಾಗದದ ಮೇಲಿನ ಶಾಖೆಗಿಂತ ಹಾಡಿನ ತಂಡ, ಮದುವೆ ಮನೆ, ಸಾವಿನ ಮನೆ ಹೆಚ್ಚು ಕೆಲಸಕ್ಕೆ ಬರುತ್ತವೆ.

ಹಳೇಪುಟ

ಇದು ಇಡೀ ಅಧ್ಯಾಯದ ದಿಕ್ಕನ್ನೇ ಬದಲಿಸುವ ಮಾಹಿತಿ. ಈಗ ಎರಡನೇ ಅರ್ಧ. 1961ರ ಡಿಸೆಂಬರ್ 9ಕ್ಕೆ ಸ್ವಾತಂತ್ರ್ಯ. ಹತ್ತು ವರ್ಷ ಕಳೆಯುವುದರೊಳಗೆ ಟಿಟಿ ಜೈಲಿನಲ್ಲಿ. ನಮ್ಮ ಕರಡಿನಲ್ಲಿ "ಅರುಷಾ ಘೋಷಣೆಯನ್ನು ವಿರೋಧಿಸಿ ಪಕ್ಷ ಬಿಟ್ಟು, ಪಿತೂರಿಯಲ್ಲಿ ಸಿಕ್ಕಿಬಿದ್ದರು" ಎಂದಿದೆ. ಅರುಷಾ ಘೋಷಣೆ ಅಂದರೆ 1967ರಲ್ಲಿ ಟಾನು ಸಮಾಜವಾದವನ್ನು ತನ್ನ ನೀತಿಯೆಂದು ಸಾರಿದ್ದು. ಕರಡಿನ ಸಾಲು ಸರಿಯೇ?

ಕಡಲದಾರಿ

ಆ ಒಂದೇ ಸಾಲಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಬಿಡಿಸುತ್ತೇನೆ.

ಮೊದಲನೆಯದು ಸಂಘಟನೆ ಕೈತಪ್ಪಿದ್ದು. ಇದು 1962ರಲ್ಲೇ ಶುರುವಾಯಿತು ಎಂಬುದು ನನ್ನ ಅಭಿಪ್ರಾಯ. ಆ ವರ್ಷ ಟಾನು ಮಹಿಳಾ ವಿಭಾಗ ಮತ್ತು ಇತರ ಹೆಂಗಸರ ಸಂಘಗಳ ಜಾಗದಲ್ಲಿ ಉಮೋಜಾ ವಾ ವನವಾಕೆ ವಾ ಟಾಂಗನೀಕಾ, ಟಾಂಗನೀಕಾ ಮಹಿಳೆಯರ ಒಕ್ಕೂಟ, ಬಂತು. ಟಿಟಿಯೇ ಅಧ್ಯಕ್ಷೆ. ಅದೇ ವರ್ಷ ಜುಲೈನಲ್ಲಿ ಆಫ್ರಿಕಾದ ಮಹಿಳೆಯರ ಸಮ್ಮೇಳನ ದಾರ್ ಎಸ್ ಸಲಾಮಿನಲ್ಲೇ ನಡೆದು, ಖಂಡಕ್ಕೆಲ್ಲ ಒಂದು ಮಹಿಳಾ ಸಂಘಟನೆ ಹುಟ್ಟಿತು. ಜುಲೈ 31ನ್ನು ಇವತ್ತಿಗೂ ಆಫ್ರಿಕನ್ ಮಹಿಳಾ ದಿನವೆಂದು ಆಚರಿಸುವುದು ಅದರ ನೆನಪಿಗೇ. ಹೊರಗಿನಿಂದ ನೋಡಿದರೆ ಟಿಟಿಯವರ ಬದುಕಿನ ತುತ್ತತುದಿ.

ಆದರೆ ಒಳಗೆ ಕೆಲಸದ ಸ್ವರೂಪ ಬದಲಾಗಿತ್ತು. ಒಕ್ಕೂಟ ಪಕ್ಷದ ಅಂಗ, ಪಕ್ಷವೇ ಸರ್ಕಾರ. ಶಿಶುವಿಹಾರ, ಸಾಕ್ಷರತಾ ತರಗತಿ, ಕೈಕಸಬು, ವರದಿ ಬರೆಯುವುದು, ಲೆಕ್ಕಪತ್ರ ಒಪ್ಪಿಸುವುದು. ಹಳೆಯ ಗವರ್ನರ್ ಪತ್ನಿಯ ಕ್ಲಬ್ಬುಗಳು ಮಾಡುತ್ತಿದ್ದ ಕೆಲಸಕ್ಕೆ ಇದು ಹತ್ತಿರ. ಇದಕ್ಕೆ ಬೇಕಾದವರು ಓದುಬರಹ ಬಲ್ಲ ಅಧಿಕಾರಿಗಳು. ಎನ್‌ಗೋಮಾ ಮುಖ್ಯಸ್ಥೆಯರಿಗೆ ಅಲ್ಲಿ ಮಾಡಲು ಏನೂ ಉಳಿಯಲಿಲ್ಲ. ಟಿಟಿಯವರ ಬಲ ಇದ್ದದ್ದು ಆ ಮುಖ್ಯಸ್ಥೆಯರಲ್ಲಿ. ಅವರು ಮನೆಗೆ ಹೋದ ಮೇಲೆ ಟಿಟಿಗೆ ಉಳಿದದ್ದು ಹುದ್ದೆ ಮಾತ್ರ. ಹುದ್ದೆಯನ್ನು ಕೊಟ್ಟವರು ಹಿಂದೆ ತೆಗೆದುಕೊಳ್ಳಬಹುದು.

ಎರಡನೆಯದು 1965ರ ಚುನಾವಣೆ. ಏಕಪಕ್ಷ ವ್ಯವಸ್ಥೆ ಬಂದಿತ್ತು. ಪ್ರತಿ ಕ್ಷೇತ್ರದಲ್ಲಿ ಟಾನುವಿನ ಇಬ್ಬರು ಅಭ್ಯರ್ಥಿಗಳು, ಒಬ್ಬರಿಗೆ ಗುದ್ದಲಿ ಗುರುತು, ಇನ್ನೊಬ್ಬರಿಗೆ ಮನೆ ಗುರುತು. ಟಿಟಿ ಸೋತರು. ಹಣಕಾಸು ಮಂತ್ರಿ ಪಾಲ್ ಬೊಮಾನಿಯಂಥವರೂ ಆ ಸಲ ಸೋತದ್ದರಿಂದ ಇದೊಂದನ್ನೇ ಎತ್ತಿ ಟಿಟಿ ವಿರುದ್ಧದ ಪಿತೂರಿ ಎನ್ನುವುದು ಸರಿಯಲ್ಲ. ಜನ ದೊಡ್ಡವರನ್ನು ಇಳಿಸಿದ ಚುನಾವಣೆ ಅದು.

ಮೂರನೆಯದು 1967ರ ಫೆಬ್ರುವರಿಯ ಅರುಷಾ ಘೋಷಣೆಯ ಜೊತೆಗಿದ್ದ ನಾಯಕರ ನಡಾವಳಿ. ಪಕ್ಷ ಮತ್ತು ಸರ್ಕಾರದ ನಾಯಕರು ಕಂಪನಿಯ ಷೇರು ಹೊಂದಿರಬಾರದು, ಖಾಸಗಿ ಕಂಪನಿಯ ನಿರ್ದೇಶಕರಾಗಬಾರದು, ಎರಡು ಸಂಬಳ ತೆಗೆದುಕೊಳ್ಳಬಾರದು, ಬಾಡಿಗೆಗೆ ಕೊಡುವ ಮನೆ ಇಟ್ಟುಕೊಳ್ಳಬಾರದು. ಟಿಟಿಗೆ ಬಾಡಿಗೆ ಮನೆಗಳಿದ್ದವು. ಮನೆ ಬಿಡಲಿಲ್ಲ, ಪಕ್ಷದ ಕೇಂದ್ರ ಸಮಿತಿ ಬಿಟ್ಟರು.

ಮಸಿಕುಡಿಕೆ

ಮೇಲೆ ಗುರುತು ಹಾಕಿಕೊಳ್ಳಿ ಎಂದದ್ದು ಇದಕ್ಕೇ. ಓದಿದ ಗಂಡಸಿಗೆ ಸಂಬಳ, ಪಿಂಚಣಿ ಇರುತ್ತದೆ. ಆತ ಬಾಡಿಗೆ ಮನೆ ಬಿಟ್ಟರೆ ಹೆಚ್ಚುವರಿ ಆದಾಯ ಹೋಗುತ್ತದೆ, ಅಷ್ಟೇ. ನಾಲ್ಕನೇ ತರಗತಿಯ, ಗಂಡನನ್ನು ನೆಚ್ಚಿಕೊಳ್ಳಲಾಗದ ಕರಾವಳಿ ಪಟ್ಟಣದ ಹೆಂಗಸಿಗೆ ಬಾಡಿಗೆ ಕೋಣೆಯೇ ಪಿಂಚಣಿ. ಎಲ್ಲರಿಗೂ ಒಂದೇ ನಿಯಮ ಬರೆದಾಗ ಅದರ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳಲಿಲ್ಲ. ನಡಾವಳಿಯ ಉದ್ದೇಶ ನನಗೆ ಗೌರವ ಹುಟ್ಟಿಸುತ್ತದೆ, ಅಧಿಕಾರ ಹಿಡಿದವರು ದುಡ್ಡು ಗುಡ್ಡೆ ಹಾಕದಂತೆ ತಡೆಯುವುದು. ಆದರೂ ಟಿಟಿಯವರನ್ನು ಆಸೆಬುರುಕಿ ಎಂದು ಚಿತ್ರಿಸುವ ಬರಹಗಳು ಈ ವ್ಯತ್ಯಾಸವನ್ನು ನೋಡಿಯೇ ಇಲ್ಲ.

ಆದರೆ ಕಡಲದಾರಿಯವರ ಮೊದಲ ಅಂಶದಲ್ಲಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಎನ್‌ಗೋಮಾ ಜಾಲ ದಾರ್ ಮತ್ತು ಕರಾವಳಿಯ ಪಟ್ಟಣಗಳ ವಿವರಣೆ. ಒಳನಾಡಿನ ಮೋಷಿಯಲ್ಲಿ, ಮ್ವಾಂಜಾದಲ್ಲಿ ಹೆಂಗಸರು ಸೇರಿದ ಬಗೆ ಬೇರೆ, ಅಲ್ಲಿಯ ಕುಲ, ಬೆಳೆ, ಇಗರ್ಜಿ ಬೇರೆ. ದಾರ್‌ನ ಕಥೆಯನ್ನೇ ಇಡೀ ದೇಶದ ಕಥೆ ಮಾಡಿದರೆ ಲಮೆಕ್ ಅವರಂಥವರು ಎಲ್ಲಿಂದ ಬಂದರು ಎಂದು ಹೇಳಲಾಗುವುದಿಲ್ಲ.

ಕಡಲದಾರಿ

ಒಪ್ಪಿದೆ. "ದಾರ್ ಎಸ್ ಸಲಾಮಿನಲ್ಲಿ" ಎಂಬ ಮಿತಿ ಹಾಕಿಯೇ ಬರೆಯಬೇಕು.

ಮತಪೆಟ್ಟಿಗೆ

ಮೊಕದ್ದಮೆಯ ವಿಷಯ ಎಚ್ಚರದಿಂದ ಬರೆಯಿರಿ. 1969ರಲ್ಲಿ ಬಂಧನ. ಆರೋಪ, ಸರ್ಕಾರವನ್ನು ಉರುಳಿಸುವ ಸಂಚು. ಸಹ ಆರೋಪಿಗಳಲ್ಲಿ ಮಾಜಿ ಕಾರ್ಮಿಕ ಮಂತ್ರಿ ಮೈಕೆಲ್ ಕಮಲಿಜಾ ಮತ್ತು ಸೇನೆಯ ಅಧಿಕಾರಿಗಳು. ಸಂಚಿನ ಮುಖ್ಯಸ್ಥನೆಂದು ಹೆಸರಿಸಿದ್ದು ಆಸ್ಕರ್ ಕಂಬೋನಾ ಅವರನ್ನು, 1955ರ ಆ ಪತ್ರ ಬರೆದವರನ್ನೇ. ಅವರು 1967ರಲ್ಲಿ ದೇಶ ಬಿಟ್ಟು ಲಂಡನ್ ಸೇರಿದ್ದರು. ವಿಚಾರಣೆ ನಡೆಸಿದವರು ಮುಖ್ಯ ನ್ಯಾಯಮೂರ್ತಿ ಫಿಲಿಪ್ ಟೆಲ್ಫರ್ಡ್ ಜಾರ್ಜಸ್, ಕೆರಿಬಿಯನ್ ಮೂಲದವರು. ಸರ್ಕಾರದ ಪರ ಮುಖ್ಯ ಸಾಕ್ಷಿ ದಕ್ಷಿಣ ಆಫ್ರಿಕಾದ ಗಡಿಪಾರಾಗಿದ್ದ ನಾಯಕ ಪೊಟ್ಲಾಕೊ ಲೆಬಾಲೊ. ಟಿಟಿಗೆ ಜೀವಾವಧಿ ಶಿಕ್ಷೆ ಆಯಿತು. 1972ರಲ್ಲಿ ನ್ಯೆರೆರೆ ಕ್ಷಮಾದಾನ ಕೊಟ್ಟು ಬಿಡಿಸಿದರು.

ಆದ್ದರಿಂದ "ಪಿತೂರಿಯಲ್ಲಿ ಸಿಕ್ಕಿಬಿದ್ದರು" ಬೇಡ, "ಸುಳ್ಳು ಮೊಕದ್ದಮೆ ಹೂಡಿದರು" ಎಂದೂ ಬೇಡ. ನ್ಯಾಯಾಲಯ ಶಿಕ್ಷೆ ಕೊಟ್ಟಿತು, ಟಿಟಿ ತಾವು ನಿರಪರಾಧಿ ಎಂದರು. ಎರಡನ್ನೂ ಬರೆಯಿರಿ.

ಕಮಲಿಜಾ ಹೆಸರು ಬಂದದ್ದಕ್ಕೆ ಒಂದು ಮಾತು. 1964ರ ಸೇನಾ ದಂಗೆಯ ನಂತರ ಸ್ವತಂತ್ರ ಕಾರ್ಮಿಕ ಸಂಘಗಳನ್ನು ಮುಚ್ಚಿ, ಪಕ್ಷದ ಅಡಿಯಲ್ಲಿ ಒಂದೇ ಸಂಘ ಮಾಡಿದರು. ಅದರ ಪ್ರಧಾನ ಕಾರ್ಯದರ್ಶಿ ಕಮಲಿಜಾ, ಮಂತ್ರಿಯೂ ಅವರೇ. ಹೆಂಗಸರ ಒಕ್ಕೂಟದ ಟಿಟಿ, ಕಾರ್ಮಿಕರ ಸಂಘದ ಕಮಲಿಜಾ: ಜನಸಂಘಟನೆಗಳು ಪಕ್ಷದೊಳಗೆ ಕರಗಿದಾಗ ಅವುಗಳ ತಲೆಯಲ್ಲಿದ್ದ ಇಬ್ಬರೂ ಒಂದೇ ಕಟಕಟೆಯಲ್ಲಿ. ಇದನ್ನು ನಾನು ಕಾಕತಾಳೀಯ ಎಂದು ಓದುವುದಿಲ್ಲ.

ನೂಲುಬಟ್ಟೆ

ನೈಜೀರಿಯಾದ ಅಬೆಯೊಕುಟಾ ಊರಿನ ಹೆಂಗಸರ ಹೋರಾಟದ ಜೊತೆ ಹೋಲಿಸುವ ಯೋಚನೆ ಇದ್ದರೆ ಒಂದು ವ್ಯತ್ಯಾಸ ಮರೆಯಬೇಡಿ. ಅಲ್ಲಿ ಫುನ್ಮಿಲಾಯೊ ರಾನ್ಸಮ್ ಕುಟಿಯವರ ಹೋರಾಟಕ್ಕೆ ಹೆಂಗಸರ ಮೇಲಿನ ತೆರಿಗೆ ಎಂಬ ಕಣ್ಣಿಗೆ ಕಾಣುವ ಗುರಿ ಇತ್ತು. 1949ರಲ್ಲಿ ಅಲ್ಲಿಯ ಅರಸ ಗದ್ದುಗೆ ಬಿಟ್ಟುಹೋಗಬೇಕಾಯಿತು. ಅಲ್ಲಿ ಓದಿದ ಶಿಕ್ಷಕಿ ಸಂತೆಯ ಹೆಂಗಸರ ಬಳಿಗೆ ಹೋದರು. ಇಲ್ಲಿ ಹಾಡುಗಾರ್ತಿ ಓದಿದ ಗಂಡಸರ ಪಕ್ಷಕ್ಕೆ ಬಂದರು. ದಾರಿಗಳ ದಿಕ್ಕೇ ಬೇರೆ.

ಹಳೇಪುಟ

ಎಲ್ಲರ ಮಾತು ಸೇರಿಸಿ ಮುಖ್ಯ ಪ್ಯಾರಾ ಹೀಗೆ ತಿದ್ದಿದ್ದೇವೆ, ನೋಡಿ:

"1955ರಲ್ಲಿ ಟಾನು ಮಹಿಳಾ ವಿಭಾಗ ಶುರುವಾದಾಗ ದಾರ್ ಎಸ್ ಸಲಾಮಿನಲ್ಲಿ ಹೆಂಗಸರ ಎನ್‌ಗೋಮಾ ತಂಡಗಳು ಗಟ್ಟಿಯಾಗಿ ನೆಲೆಯೂರಿದ್ದವು. ಬೊಂಬಾ ತಂಡದ ಹಾಡುಗಾ‌ರ್ತಿ ಟಿಟಿ ಆ ತಂಡಗಳ ಮುಖ್ಯಸ್ಥೆಯರನ್ನು ಒಪ್ಪಿಸಿದರು. ಅಕ್ಟೋಬರ್ ಹೊತ್ತಿಗೆ 5000 ಹೆಂಗಸರು ಸೇರಿದ್ದಾರೆಂದು ಪಕ್ಷ ಹೇಳಿತು. ಅವರಲ್ಲಿ ಬಹುಪಾಲು ಹೆಂಗಸರಿಗೆ 1958ರ ಚುನಾವಣೆಯಲ್ಲಿ ಮತ ಹಾಕುವ ಅರ್ಹತೆ ಇರಲಿಲ್ಲ."

ಮಸಿಕುಡಿಕೆ

ಸರಿಯಾಗಿದೆ. ತಾತು ಬಿಂತಿ ಮ್‌ಜೀ ಹೆಸರನ್ನು ಸೇರಿಸಿ, ಒಬ್ಬರದೇ ಕೆಲಸವಾಗಿ ಕಾಣಬಾರದು. ಟಿಟಿಯವರ ಬಾಯಿಂದ ಬಂದ ವಿವರಗಳು ಇತಿಹಾಸಕಾರ್ತಿ ಸುಸಾನ್ ಗೈಗರ್ 1984ರಲ್ಲಿ ಮಾಡಿದ ಸಂದರ್ಶನದವು, ಅಂದರೆ ಸುಮಾರು ಮೂವತ್ತು ವರ್ಷಗಳ ನಂತರದ ನೆನಪು. ಪತ್ರದ ಸಾಕ್ಷ್ಯ 1955ರದೇ. ಯಾವ ವಿವರ ಯಾವುದರಿಂದ ಬಂತು ಎಂದು ವಾಕ್ಯದಲ್ಲೇ ತಿಳಿಯುವ ಹಾಗೆ ಬರೆಯಿರಿ.

ಅಕ್ಷರಬಳ್ಳಿ

"ಹಾಡುಗಾರ್ತಿ ಟಿಟಿ" ಅಲ್ಲ, "ಮುಖ್ಯ ಹಾಡುಗಾರ್ತಿ ಬೀಬಿ ಟಿಟಿ ಮೊಹಮ್ಮದ್" ಎಂದು ಮೊದಲ ಸಲ ಪೂರ್ತಿ ಹೆಸರು ಬರಲಿ. ಕೊನೆಯಲ್ಲಿ ನಿಧನದ ವಿವರ: 2000ದ ನವೆಂಬರ್ 5, ಜೋಹಾನ್ಸ್‌ಬರ್ಗ್. ಕೆಲವು ಕಡೆ ದಾರ್ ಎಸ್ ಸಲಾಮ್ ಎಂದು ತಪ್ಪಾಗಿ ಹಾಕುತ್ತಾರೆ. ದಾರ್‌ನಲ್ಲಿ ಇರುವುದು ಅವರ ಹೆಸರಿನ ರಸ್ತೆ, ಊರಿನ ನಡುವೆಯೇ ಹಾದುಹೋಗುವ ಬೀಬಿ ಟಿಟಿ ಮೊಹಮ್ಮದ್ ರಸ್ತೆ.